ಒಡೆದ ದನಿಯ ಪಕ್ಕದಲ್ಲಿ ಪಿಟೀಲಿಗೊಂದು ಜಾಗ

ಮೈಕ್‌ಸೆಟ್ಟಿನವನ ಕೆಲಸ ಸರಿಯಾಗಿ ನಡೆದರೆ ಅವನೊಬ್ಬ ಅಲ್ಲಿದ್ದಾನೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ. ಎಡವಿದರೆ ಮಾತ್ರ ಸಭೆಗೆ ಸಭೆಯೇ ಕತ್ತು ತಿರುಗಿಸಿ ಅವನತ್ತ ನೋಡುತ್ತದೆ. ಮೂವತ್ತು ವರ್ಷ ಮೀರಿತು, ಮೈಸೂರಿನಲ್ಲಿ ನನ್ನದು ಇದೇ ಕಸುಬು. ರಾಮನವಮಿ ಪೆಂಡಾಲಿನ ಕಛೇರಿ, ಗಣಪತಿ ಹಬ್ಬದ ಆರ್ಕೆಸ್ಟ್ರಾ, ಮದುವೆ ಮನೆಯ ವಾಲಗ, ಚುನಾವಣೆಯ ಭಾಷಣ, ಎಲ್ಲಕ್ಕೂ ಬಾಕ್ಸ್ ಹೊತ್ತಿದ್ದೇನೆ. ಇಷ್ಟು ವರ್ಷದಲ್ಲಿ ಸಭೆ ನನ್ನತ್ತ ತಿರುಗಿದ್ದು ಬೆರಳೆಣಿಕೆಯಷ್ಟು ಸಲ. ಅದರಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಈ ಲೇಖನ ಹುಟ್ಟಿದ್ದೇ ಅದರಿಂದ.

2017ರಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿನ ಹಬ್ಬ. ಹುಡುಗರದೊಂದು ಮೆಟಲ್ ತಂಡ: ಎರಡು ಗಿಟಾರ್, ಒಂದು ಬೇಸ್, ಎರಡು ಪೆಡಲಿನ ಡ್ರಮ್ಸ್. ಜೊತೆಗೆ ಹನ್ನೆರಡು ವರ್ಷ ಕರ್ನಾಟಕ ಸಂಗೀತ ಕಲಿತ ಒಬ್ಬ ಪಿಟೀಲು ಹುಡುಗ. ಸಂಜೆ ಒಬ್ಬೊಬ್ಬರನ್ನೇ ನುಡಿಸಲು ಹೇಳಿ ಸೌಂಡ್ ಚೆಕ್ ಮಾಡಿದೆ. ಪಿಟೀಲು ಬೆಣ್ಣೆಯಂತಿತ್ತು. ರಾತ್ರಿ ಐದೂ ಜನ ಒಟ್ಟಿಗೆ ಶುರು ಮಾಡಿದರು ನೋಡಿ, ಪಿಟೀಲು ಮಾಯ! ಹುಡುಗನ ಕಮಾನು ಆಡುತ್ತಿದೆ, ದನಿ ಇಲ್ಲ. ಫೇಡರ್ ಏರಿಸಿದೆ. ಇಲ್ಲ. ಇನ್ನೂ ಏರಿಸಿದೆ. ಮೈಕು ಕುಯ್ ಎಂದು ಕಿರುಚಿತು. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರುಗಳೆಲ್ಲ ಕಿವಿ ಮುಚ್ಚಿಕೊಂಡರು. ಇಳಿಸಿದೆ. ಪಿಟೀಲು ಮತ್ತೆ ಮಾಯ. ಇಪ್ಪತ್ತು ನಿಮಿಷ ಹೀಗೇ ಏಣಿಯಾಟ. ಕಾರ್ಯಕ್ರಮ ಮುಗಿದ ಮೇಲೆ ಹುಡುಗನ ತಾಯಿ ನನ್ನ ಹತ್ತಿರ ಬಂದು ಕೇಳಿದರು: "ಅಣ್ಣಾ, ನನ್ನ ಮಗನ ಮೈಕು ಆನ್ ಮಾಡೋದು ಮರೆತ್ರಾ?"

ಆ ಮಾತು ಎರಡು ದಿನ ಕೊರೆಯಿತು. ಬೆಂಗಳೂರಿನಲ್ಲಿರುವ ಮಗಳಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವಳು ಶಾಲೆಯ ದಿನಗಳಿಂದಲೂ ಮೆಟಲ್ ಹುಚ್ಚಿನವಳು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ, ಹದಿನೇಳರ ಹುಡುಗಿಯನ್ನು ಒಬ್ಬಳೇ ಹೇಗೆ ಕಳಿಸುವುದೆಂದು ನಾನೂ ಹೋಗಿದ್ದೆ. ತಂಡ ವೇದಿಕೆಗೆ ಬರುವ ಮೊದಲು ಕತ್ತಲಲ್ಲಿ ಒಂದು ಸಿನಿಮಾ ಸಂಗೀತ ಹಾಕಿದರು. ನನಗೆ ರೋಮಾಂಚನ. ಹರೆಯದಲ್ಲಿ ಟಾಕೀಸಿನಲ್ಲಿ ನೋಡಿದ್ದ 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ' ಚಿತ್ರಕ್ಕೆ ಎನ್ನಿಯೊ ಮೊರಿಕೋನೆ ಕಟ್ಟಿದ ಸಂಗೀತ ಅದು. ಪಿಟೀಲುಗಳು, ಗಂಟೆಗಳು, ಆಕಾಶಕ್ಕೆ ಏಣಿ ಹಾಕಿದಂಥ ಹೆಣ್ಣುದನಿ. ಆಮೇಲೆ ಗಿಟಾರ್ ಶುರುವಾದದ್ದೇ ನಾನು ಕಿವಿಗೆ ಹತ್ತಿ ತುರುಕಿಕೊಂಡು, ಕಸುಬಿನ ಚಾಳಿಯಂತೆ, ಅವರ ಮಿಕ್ಸರ್ ಇಟ್ಟಿದ್ದ ಕಡೆ ನೋಡುತ್ತ ನಿಂತೆ.

"ಅಪ್ಪ, ನಿನ್ನ ಪಿಟೀಲು ಸಮಸ್ಯೆ ಫಿನ್ಲೆಂಡಿನವರಿಗೂ ಇತ್ತು," ಎಂದಳು ಮಗಳು. "ನಾನು ಕಳಿಸೋದನ್ನ ಹೆಡ್‌ಫೋನ್ ಹಾಕ್ಕೊಂಡು ಕೇಳು. ಬಯ್ಯಬೇಡ, ಪೂರ್ತಿ ಕೇಳು."

ಅವಳು ಕಳಿಸಿದ್ದು ನೈಟ್‌ವಿಶ್ ಎಂಬ ತಂಡದ 2004ರ 'ಒನ್ಸ್' ಆಲ್ಬಂ. ಒಡೆದ ದನಿಯ ಗಿಟಾರ್, ಗುಂಡು ಹಾರಿಸಿದಂಥ ಡ್ರಮ್ಸ್, ಅದರ ಸುತ್ತ ಲಂಡನ್ನಿನ ಫಿಲ್ಹಾರ್ಮೋನಿಕ್ ವಾದ್ಯವೃಂದ, ಒಂದು ಗಾಯಕವೃಂದ, ಎಲ್ಲದರ ಮೇಲೆ ಆಪೆರಾ ಕಲಿತ ಒಬ್ಬಳ ಕಂಠ. ಇಷ್ಟಾದರೂ ಪಿಟೀಲುಗಳು ಕೇಳಿಸುತ್ತಿದ್ದವು! ಕಂಠವೂ ಕೇಳಿಸುತ್ತಿತ್ತು. ನನಗೆ ಸಂಗೀತಕ್ಕಿಂತ ಮೊದಲು ಹೊಟ್ಟೆಕಿಚ್ಚು ಬಂತು.

ಗಿಟಾರಿನ ಆ 'ಒಡೆದ ದನಿ' ಎಂಬ ಮಾತನ್ನು ಮೊದಲು ಬಿಡಿಸಿಬಿಡುತ್ತೇನೆ. ನಮ್ಮ ಕಸುಬಿನಲ್ಲಿ ದನಿ ಒಡೆಯುವುದೆಂದರೆ ಅವಮಾನ. ಆಂಪ್ಲಿಗೆ ಅದರ ತಾಕತ್ತಿಗಿಂತ ಹೆಚ್ಚು ಸಿಗ್ನಲ್ ತುಂಬಿದರೆ ಅಲೆಯ ತುದಿ ಮೇಲಕ್ಕೇರಲು ಜಾಗವಿಲ್ಲದೆ ಚಪ್ಪಟೆಯಾಗುತ್ತದೆ. ಹಾಗೆ ತಲೆ ಕತ್ತರಿಸಿಕೊಂಡ ಅಲೆಯಿಂದ ಮೂಲ ಸ್ವರದಲ್ಲಿ ಇಲ್ಲದಿದ್ದ ಹತ್ತಾರು ಮೇಲಿನ ಅನುಸ್ವರಗಳು ಹುಟ್ಟಿಕೊಂಡು ದನಿ ಗರಗರ ಎನ್ನುತ್ತದೆ. ಭಾಷಣದಲ್ಲಿ ಹೀಗಾದರೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಮೆಟಲ್‌ನವರಿಗೆ ಇದೇ ಬಂಡವಾಳ. ಬೇಕೆಂದೇ ಒಡೆಯುತ್ತಾರೆ.

ಒಡೆದ ದನಿಯಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಒಂದಕ್ಕೊಂದು ಸಿಕ್ಕುಬಿದ್ದು ಗಂಜಿಯಾಗುತ್ತದೆ. ಅದಕ್ಕೇ ಅವರು ಹೆಚ್ಚಾಗಿ ಎರಡನ್ನೇ ಹಿಡಿಯುತ್ತಾರೆ: ಷಡ್ಜ ಮತ್ತು ಪಂಚಮ, ಮೇಲೊಂದು ತಾರ ಷಡ್ಜ. ಅವರಲ್ಲಿ ಇದಕ್ಕೆ ಪವರ್ ಕಾರ್ಡ್ ಎಂದು ಹೆಸರು. ಸ-ಪ ನಡುವಿನ ಎರಡು-ಮೂರರ ಸರಳ ಲೆಕ್ಕದಿಂದಾಗಿ, ಒಡೆಯುವಾಗ ಕೆಳಗಡೆ ಇನ್ನೊಂದು ಮಂದ್ರ ಷಡ್ಜದ ನೆರಳೂ ಹುಟ್ಟಿ ದನಿ ಮತ್ತಷ್ಟು ದಪ್ಪವಾಗುತ್ತದೆ. ಇದನ್ನು ಓದಿ ನಾನು ನಗಾಡಿಬಿಟ್ಟೆ. ಸ-ಪ-ಸ ಎಂದರೆ ನಮ್ಮ ತಂಬೂರಿಯಲ್ಲದೆ ಇನ್ನೇನು? ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಜೀವಾಳದ ನೂಲಿಟ್ಟು ಅತ್ತಿತ್ತ ಸರಿಸಿ ಝೇಂಕಾರ ಬರಿಸುತ್ತಾರಲ್ಲ, ಅದೂ ಮೇಲಿನ ಅನುಸ್ವರಗಳನ್ನು ಕೆಣಕಿ ಎಬ್ಬಿಸುವ ಉಪಾಯವೇ. ದಾರಿ ಬೇರೆ, ಒಂದು ಹತ್ತಿಯ ನೂಲಿನದು, ಇನ್ನೊಂದು ನೂರು ವಾಟಿನದು. ಇದನ್ನು ಹೇಳಿದಾಗ ನನ್ನ ಪರಿಚಯದ ವಿದ್ವಾಂಸರೊಬ್ಬರು ಒಂದು ವಾರ ನನ್ನ ಫೋನ್ ತೆಗೆಯಲಿಲ್ಲ.

ಮೆಟಲ್ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಬ್ಲ್ಯಾಕ್ ಸಬಾತ್ ತಂಡದ ಗಿಟಾರಿಸ್ಟ್ ಟೋನಿ ಅಯೋಮಿ ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಕೈ ಕೊಟ್ಟು ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಅವನು ಎಡಚ, ತಂತಿ ಒತ್ತಬೇಕಾದದ್ದು ಆ ಬಲಗೈಯಿಂದಲೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. ಅದೇ ತಂಡದ ಬೇಸ್ ವಾದಕ ಗೀಝರ್ ಬಟ್ಲರ್‌ಗೆ ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಯೋಜಕ ನವಗ್ರಹಗಳಂತೆ ಗ್ರಹಕ್ಕೊಂದು ಬರೆದ 'ದ ಪ್ಲಾನೆಟ್ಸ್' ಕೃತಿಯ ಹುಚ್ಚು. ಅದರ ಮಂಗಳ ಗ್ರಹದ ಭಾಗವನ್ನು ಅವನು ಬೇಸ್ ಮೇಲೆ ನುಡಿಸಿಕೊಂಡು ಕೂತಿದ್ದ. ಅದರ ಗುಂಗಿನಲ್ಲೇ ಅಯೋಮಿಗೆ ಹೊಳೆದದ್ದು ತಂಡದ ಹೆಸರನ್ನೇ ಹೊತ್ತ ಹಾಡಿನ ಮೊದಲ ಮೂರು ಸ್ವರ. 1970ರ ಫೆಬ್ರವರಿಯಲ್ಲಿ ಹೊರಬಂದ ಅವರ ಮೊದಲ ಆಲ್ಬಂ ತೆರೆದುಕೊಳ್ಳುವುದೇ ಅದರಿಂದ. ಶಾಸ್ತ್ರೀಯವನ್ನು ಯಾರೋ ಆಮೇಲೆ ತಂದು ಮೆಟಲ್‌ಗೆ ಅಂಟಿಸಿದರು ಎನ್ನುವವರು ಇದನ್ನು ಮರೆಯುತ್ತಾರೆ.

ಆ ಮೂರು ಸ್ವರ ಯಾವುವು? ಸ, ತಾರ ಸ, ಆಮೇಲೆ ಕೆಳಗಿಳಿದು ಪ್ರತಿ ಮಧ್ಯಮ. ಸ ಮತ್ತು ಪ್ರತಿ ಮಧ್ಯಮಗಳ ಈ ಅಂತರಕ್ಕೆ ಯುರೋಪಿನ ಹಳೆಯ ಶಾಸ್ತ್ರಕಾರರು ಸಂಗೀತದೊಳಗಿನ ಸೈತಾನ ಎಂದು ಹೆಸರಿಟ್ಟಿದ್ದರು. ನಮ್ಮಲ್ಲಿ ಎಪ್ಪತ್ತೆರಡು ಮೇಳಕರ್ತಗಳಲ್ಲಿ ಮೂವತ್ತಾರು ಆ ಸೈತಾನನ ಪಾಲು. ಕಲ್ಯಾಣಿಯ ಉಸಿರೇ ಅದು. ಅವರ ಭಯ ನಮ್ಮ ಮಂಗಳ. ಹಾಗೆಯೇ ಸ್ವೀಡನ್ನಿನ ಇಂಗ್ವೆ ಮಾಲ್ಮ್‌ಸ್ಟೀನ್. ಪಿಟೀಲಿನ ಪಗನೀನಿಯನ್ನು ದೇವರೆಂದುಕೊಂಡವನು. 1984ರ 'ರೈಸಿಂಗ್ ಫೋರ್ಸ್' ಆಲ್ಬಂನಲ್ಲಿ ಅವನು ಗಿಟಾರಿನ ಮೇಲೆ ಓಡಿಸಿದ ಸ್ವರಸರಣಿಯನ್ನು ಇಂಗ್ಲಿಷಿನಲ್ಲಿ ಹಾರ್ಮೋನಿಕ್ ಮೈನರ್ ಎನ್ನುತ್ತಾರೆ. ಹಾಡಿಕೊಂಡು ನೋಡಿ, ನಮ್ಮ ಇಪ್ಪತ್ತೊಂದನೇ ಮೇಳ ಕೀರವಾಣಿಯ ಸ್ವರಗಳು. ಗಮಕ ಮಾತ್ರ ಇಲ್ಲ, ಇರುವುದೆಲ್ಲ ವೇಗ. ಅವನನ್ನು ಹತ್ತು ನಿಮಿಷ ಕೇಳಿದರೆ ಬೆರಗು, ಅರ್ಧ ಗಂಟೆ ಕೇಳಿದರೆ ತವಿಲ್ ತನಿಯಲ್ಲಿ ಸಿಕ್ಕಿಕೊಂಡ ಹಾಗೆ.

ರಾಗ-ಸ್ವರಗಳ ನಂಟು ಹೀಗೆ ಸುಲಭವಾಗಿ ಕುದುರಿತು. ಕಷ್ಟ ಇದ್ದದ್ದು ನನ್ನ ಇಲಾಖೆಯಲ್ಲಿ: ಎಲ್ಲರೂ ಒಂದೇ ವೇದಿಕೆ ಹತ್ತಿದಾಗ ಯಾರು ಕೇಳಿಸಬೇಕು?

ಈ ಕಥೆಯಲ್ಲಿ ಮೊದಲು ಬರುವ ಜಾಗ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಅದಕ್ಕೂ ನಮ್ಮೂರಿಗೂ ಒಂದು ನಂಟಿದೆ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ದೊಡ್ಡ ರಸಿಕರು, ಪಿಯಾನೋ ಕಲಿತವರು, ರಷ್ಯದ ಸಂಯೋಜಕ ಮೆಟ್ನರ್‌ನ ಕೃತಿಗಳ ರೆಕಾರ್ಡಿಂಗಿಗೆ ದುಡ್ಡು ಕೊಟ್ಟವರು. ಅದೇ ಕೈಯಿಂದ ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದವರು. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಅವನ ಕಡೆಯ ನಾಲ್ಕು ಹಾಡುಗಳು ಆ ಹಾಲಿನಲ್ಲಿ ಮೊದಲ ಸಲ ಕೇಳಿಸಿದ್ದು ಮಹಾರಾಜರು ಹಣದ ಭರವಸೆ ಕೊಟ್ಟು ನಿಂತದ್ದರಿಂದ. ಹಾಡಿದ್ದು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದ್ದು ಫುರ್ಟ್‌ವ್ಯಾಂಗ್ಲರ್. ಮಹಾರಾಜರು ಅದನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಿಕೊಡಿ ಎಂದೂ ಕೇಳಿದ್ದರು. ಫ್ಲಾಗ್‌ಸ್ಟಾಡ್‌ರದು ಮೈಕಿಲ್ಲದೆ ಇಡೀ ವಾದ್ಯವೃಂದದ ಮೇಲೆ ಹಾಡಿ ಸಾವಿರಾರು ಜನಕ್ಕೆ ಕೇಳಿಸುತ್ತಿದ್ದ ಕಂಠ. ನನ್ನಂಥವನಿಗೆ ಅನ್ನವಿಲ್ಲದ ಕಾಲ!

ಅದೇ ಹಾಲಿನಲ್ಲಿ 1969ರ ಸೆಪ್ಟೆಂಬರ್ 24ರಂದು ಡೀಪ್ ಪರ್ಪಲ್ ತಂಡ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜೊತೆ ಕೂತಿತು. ಕೃತಿ ಬರೆದದ್ದು ತಂಡದ ಆರ್ಗನ್ ವಾದಕ ಜಾನ್ ಲಾರ್ಡ್, ಕೋಲು ಹಿಡಿದದ್ದು ಮಾಲ್ಕಮ್ ಆರ್ನಲ್ಡ್. 'ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್' ಚಿತ್ರದ ಸಂಗೀತಕ್ಕೆ ಆಸ್ಕರ್ ಪಡೆದವರು. ಲಾರ್ಡ್ ಜಾಣ. ಮೊದಲ ಭಾಗದಲ್ಲಿ ತಂಡವನ್ನೂ ವಾದ್ಯವೃಂದವನ್ನೂ ಕೂಡಿಸುವ ಗೋಜಿಗೇ ಬಹಳ ಹೋಗಲಿಲ್ಲ. ಇಬ್ಬರನ್ನೂ ಎದುರಾಳಿಗಳನ್ನಾಗಿ ನಿಲ್ಲಿಸಿದ. ಇವರು ನುಡಿಸಿದಾಗ ಅವರು ಸುಮ್ಮನೆ, ಅವರು ನುಡಿಸಿದಾಗ ಇವರು ಸುಮ್ಮನೆ, ಸವಾಲ್-ಜವಾಬಿನ ಹಾಗೆ. ಮೈಕ್‌ಸೆಟ್ಟಿನವನಿಗೆ ಇದಕ್ಕಿಂತ ಪುಣ್ಯದ ಕೆಲಸ ಇನ್ನೊಂದಿಲ್ಲ. ಮೂರು ವರ್ಷದ ಮೇಲೆ, 1972ರಲ್ಲಿ, ಇದೇ ತಂಡದ ಕಛೇರಿಯಲ್ಲಿ 117 ಡೆಸಿಬೆಲ್ ಅಳೆದು, ಮೂವರು ಕೇಳುಗರು ಪ್ರಜ್ಞೆ ತಪ್ಪಿ, ಜಗತ್ತಿನ ಅತಿ ಗಟ್ಟಿ ತಂಡವೆಂದು ಗಿನ್ನೆಸ್ ದಾಖಲೆಗೆ ಸೇರಿತು. ಅಂಥವರು ಅಂದು ಸರದಿ ಕಾದರು ಎನ್ನುವುದೇ ದೊಡ್ಡದು.

ಲಾರ್ಡ್ ಬರೆದ ಆ ಕೃತಿಯ ಸ್ವರಲಿಪಿ 1970ರಲ್ಲೇ ಕಳೆದುಹೋಯಿತು. ಮಾರ್ಕೊ ಡಿ ಗೂಯ್ ಎಂಬ ಹಾಲೆಂಡಿನ ಸಂಯೋಜಕ ಹಳೆಯ ಧ್ವನಿಮುದ್ರಣವನ್ನು ಕೇಳಿ ಕೇಳಿ, ವಿಡಿಯೋ ನೋಡಿ ನೋಡಿ, ಒಂದೊಂದು ವಾದ್ಯದ ಸ್ವರವನ್ನೂ ಮತ್ತೆ ಬರೆದ. 1999ರಲ್ಲಿ ಅದೇ ಹಾಲಿನಲ್ಲಿ ಅದು ಮತ್ತೆ ನಡೆಯಿತು. ಪ್ರೀತಿ ಎಂದರೆ ಇಂಥದ್ದು. ನನ್ನ ಹುಡುಗರು ಒಂದು ಕೇಬಲ್ ಕಳೆದರೆ ಹುಡುಕುವುದಿಲ್ಲ.

1999ರ ಏಪ್ರಿಲ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೆಟಾಲಿಕಾ ಎರಡು ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿಯ ಜೊತೆ ನುಡಿಸಿತು. ವಾದ್ಯವೃಂದಕ್ಕೆ ಬರೆದು ನಡೆಸಿದವರು ಮೈಕೆಲ್ ಕಾಮೆನ್. ಅರಮನೆ ಮೈದಾನದಲ್ಲಿ ನಾನು ಟೇಪಿನಲ್ಲಿ ಕೇಳಿದ ಮೊರಿಕೋನೆಯ ತುಣುಕನ್ನು ಅಲ್ಲಿ ವಾದ್ಯವೃಂದವೇ ನುಡಿಸಿ ತಂಡವನ್ನು ಬರಮಾಡಿಕೊಂಡಿತು. ಜನ ಆ ಕಛೇರಿಯನ್ನು ಹೊಗಳುತ್ತಾರೆ, ನನಗೆ ಅರ್ಧ ಮಾತ್ರ ಒಪ್ಪಿಗೆ. ಮೆಟಾಲಿಕಾ ಹಾಡುಗಳು ಮೊದಲೇ ಇಟ್ಟಿಗೆ ಗೋಡೆಯಂತೆ ಸಂದಿಲ್ಲದೆ ಕಟ್ಟಿದವು. ನಾಲ್ಕು ಜನಕ್ಕೆ ಹೊಲಿದ ಬಟ್ಟೆಯೊಳಗೆ ನೂರು ಜನರನ್ನು ತುರುಕಿದಂತೆ ಕೆಲವು ಕಡೆ ಪಿಟೀಲುಗಳು ಬರೀ ಸರಬರ ಎನ್ನುತ್ತವೆ. ನಿಧಾನಗತಿಯ, ನಡುವೆ ಬಯಲಿರುವ ಹಾಡುಗಳಲ್ಲಿ ಮಾತ್ರ ಕಾಮೆನ್‌ರ ಬರವಣಿಗೆ ಅರಳುತ್ತದೆ.

ಇನ್ನು ಕಂಠ. ಫ್ಲಾಗ್‌ಸ್ಟಾಡ್‌ರಂಥವರು ಮೈಕಿಲ್ಲದೆ ಹೇಗೆ ಕೇಳಿಸುತ್ತಿದ್ದರು? ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ ಇದನ್ನು ಅಳೆದಿದ್ದಾರೆ. ದೊಡ್ಡ ವಾದ್ಯವೃಂದದ ಶಕ್ತಿಯೆಲ್ಲ ಸುಮಾರು 500 ಹರ್ಟ್ಸ್ ಆಸುಪಾಸಿನಲ್ಲಿ ಗುಡ್ಡೆ ಬಿದ್ದಿರುತ್ತದೆ, ಮೇಲೆ ಹೋದಂತೆ ಇಳಿಯುತ್ತದೆ. ತರಬೇತಾದ ಗಂಡು ಆಪೆರಾ ಗಾಯಕ ಗಂಟಲನ್ನು ಒಂದು ವಿಶೇಷ ಆಕಾರಕ್ಕೆ ತಂದು 3,000 ಹರ್ಟ್ಸ್ ಸುತ್ತ ತನ್ನ ದನಿಗೆ ಒಂದು ಮೊನೆ ತರುತ್ತಾನೆ. ಅಲ್ಲಿ ವಾದ್ಯಗಳು ಬಡವಾಗಿವೆ, ನಮ್ಮ ಕಿವಿಯೂ ಅಲ್ಲೇ ಬಲು ಚುರುಕು. ಜಾತ್ರೆಯ ಗದ್ದಲದಲ್ಲಿ ಎತ್ತರದ ಕಿಟಕಿಯಿಂದ ಕೂಗಿದ ಹಾಗೆ. ತಾರಸ್ಥಾಯಿಯ ಹೆಂಗಸರ ಉಪಾಯ ಬೇರೆ. ಅವರು ಹಾಡುವ ಸ್ವರಕ್ಕೆ ಸರಿಯಾಗಿ ಬಾಯಿಯನ್ನೇ ಅಗಲಿಸಿ, ಬಾಯಿಯ ಅನುರಣನ ಆ ಸ್ವರಕ್ಕೇ ಕೂಡುವಂತೆ ಮಾಡಿಕೊಳ್ಳುತ್ತಾರೆ. ಅದಕ್ಕೇ ಮೇಲಿನ ಸ್ವರಗಳಲ್ಲಿ ಅವರ ಆ, ಈ, ಊ ಎಲ್ಲ ಒಂದೇ ಥರ ಕೇಳಿಸುವುದು, ಸಾಹಿತ್ಯ ತಿಳಿಯದಿರುವುದು. ಮಗಳಿಗೆ ಇದನ್ನು ಹೇಳಿದಾಗ, "ಅದಕ್ಕೇನಾ ನನಗೆ ಹತ್ತು ವರ್ಷದಿಂದ ಆ ಸಾಲು ಅರ್ಥ ಆಗದೇ ಇರೋದು!" ಎಂದಳು.

ಈಗ ಒಡೆದ ಗಿಟಾರನ್ನು ತಂದು ನಡುವೆ ಕೂರಿಸಿ. ಒಡೆದಾಗ ಹುಟ್ಟಿದ ಆ ಅನುಸ್ವರಗಳು ತುಂಬುವುದು 1,000ದಿಂದ 4,000 ಹರ್ಟ್ಸ್ ತನಕದ ಜಾಗವನ್ನೇ. ಅಂದರೆ ಗಾಯಕ ಕೂಗುತ್ತಿದ್ದ ಕಿಟಕಿಗೆ ಯಾರೋ ಗೋಡೆ ಕಟ್ಟಿದಂತಾಯಿತು. ಪಿಟೀಲಿನ ಮೊನೆಯೂ ಅಲ್ಲೇ. 2017ರಲ್ಲಿ ನಾನು ಏರಿಸಿದ್ದು ಫೇಡರನ್ನು, ಏರಿಸಿ ಪ್ರಯೋಜನವಿರಲಿಲ್ಲ. ಜಾಗವೇ ಇಲ್ಲದ ಬಸ್ಸಿಗೆ ಜೋರಾಗಿ ನೂಕಿದರೆ ಕಂಡಕ್ಟರ್ ಬಯ್ಯುತ್ತಾನೆ ಅಷ್ಟೇ. ಇನ್ನೊಂದು ತೊಂದರೆಯೂ ಇದೆ. ವಾದ್ಯವೃಂದ ಉಸಿರಾಡುತ್ತದೆ, ಪಿಸುಗುಟ್ಟುವುದರಿಂದ ಗುಡುಗಿನ ತನಕ ಏರಿಳಿಯುತ್ತದೆ. ತಲೆ ಚಪ್ಪಟೆಯಾದ ಗಿಟಾರಿಗೆ ಏರಿಳಿತವಿಲ್ಲ, ಶುರುವಿನಿಂದ ಕೊನೆಗೂ ಒಂದೇ ಎತ್ತರ. ಒಬ್ಬ ಉಸಿರಾಡುವವನು, ಒಬ್ಬ ಉಸಿರು ಬಿಗಿಹಿಡಿದವನು. ಇಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಬೇಕು.

ದೊಡ್ಡ ದನಿಯ ಜಗಳ ಹೊಸದೇನಲ್ಲ. 1876ರಲ್ಲಿ ಜರ್ಮನ್ ಸಂಯೋಜಕ ವಾಗ್ನರ್ ಬೈರಾಯ್ಟ್‌ನಲ್ಲಿ ತನ್ನದೇ ನಾಟಕಶಾಲೆ ತೆರೆದಾಗ ವಾದ್ಯವೃಂದವನ್ನು ವೇದಿಕೆಯ ಅಡಿಯ ಹಳ್ಳದಲ್ಲಿ ಕೂರಿಸಿ ಮೇಲೆ ಮುಸುಕು ಕಟ್ಟಿಸಿದ, ತನ್ನ ತುತ್ತೂರಿಗಳು ತನ್ನ ಗಾಯಕರನ್ನೇ ನುಂಗದಿರಲಿ ಎಂದು. ನಮ್ಮ ತಿರುಮಕೂಡಲು ಚೌಡಯ್ಯನವರು ಮೈಕಿಲ್ಲದ ಸಭೆಯ ಕೊನೆಯ ಸಾಲಿಗೂ ಪಿಟೀಲು ತಲುಪಲಿ ಎಂದು ಏಳು ತಂತಿ ಕಟ್ಟಿದರು. ಇಂದಿನ ಮೆಟಲ್ ಗಿಟಾರಿಗೂ ಎಷ್ಟೋ ಕಡೆ ಏಳು ತಂತಿ, ಅವರಿಗೆ ಬೇಕಾದದ್ದು ಕೆಳಗಿನ ಮಂದ್ರ. ಸಂಖ್ಯೆ ಒಂದೇ ಆದದ್ದು ಕಾಕತಾಳೀಯ, ಹಸಿವು ಅಲ್ಲ.

ಫಿನ್ಲೆಂಡಿನವರು ಈ ಕಗ್ಗಂಟು ಬಿಡಿಸಿದ ರೀತಿ ನನಗೆ ತುಂಬ ಇಷ್ಟ. ರಷ್ಯದ ಗಡಿ ಹತ್ತಿರದ ಕಿಟೀ ಎಂಬ ಸಣ್ಣ ಊರಿನಲ್ಲಿ 1996ರಲ್ಲಿ ಕೀಬೋರ್ಡಿನ ತುವೊಮಾಸ್ ಹೊಲೊಪೈನೆನ್, ಗಿಟಾರಿನ ಎಂಪ್ಪು ವುಓರಿನೆನ್, ಆಪೆರಾ ಶೈಲಿಯಲ್ಲಿ ಹಾಡುವ ತಾರ್ಯಾ ತುರುನೆನ್ ಸೇರಿ ನೈಟ್‌ವಿಶ್ ಕಟ್ಟಿದರು. ಮೊದಲು ಯೋಚಿಸಿದ್ದು ಮೆಟಲ್ ಅಲ್ಲ, ಮೆದುವಾದ ಅಕೌಸ್ಟಿಕ್ ಸಂಗೀತ. ತಾರ್ಯಾ ಬಾಯಿ ತೆರೆದರೆ ಆ ಮೆದು ಗಿಟಾರ್ ಆ ಕಂಠದ ಕೆಳಗೆ ಹುಲ್ಲುಕಡ್ಡಿಯಾಯಿತು. ಕಂಠವನ್ನು ತಗ್ಗಿಸುವ ಬದಲು ಅವರು ಡ್ರಮ್ಸನ್ನೂ ಕರೆಂಟಿನ ಗಿಟಾರನ್ನೂ ತಂದರು. ಎಂದರೆ ಅಲ್ಲಿ ಮೆಟಲ್ ಬಂದದ್ದು ಕಂಠಕ್ಕೆ ತಕ್ಕ ಜೊತೆಗಾರನಾಗಿ. ಹೊಲೊಪೈನೆನ್ ಬರೆಯುವ ಹಾಡುಗಳಲ್ಲಿ ತಾರ್ಯಾ ಚರಣ ಹಾಡುವಾಗ ಗಿಟಾರ್ ಸಾಮಾನ್ಯವಾಗಿ ಕೆಳಗೆ, ಕೈಯಂಚಿನಿಂದ ತಂತಿ ಅದುಮಿಕೊಂಡು ಟಕಟಕ ಎನ್ನುತ್ತಿರುತ್ತದೆ. ಪ್ರತಿ ಟಕ್ಕಿನ ನಡುವೆ ಕೂದಲೆಳೆಯಷ್ಟು ಮೌನ. ಕಂಠವೂ ಪಿಟೀಲೂ ಉಸಿರಾಡುವುದು ಆ ಮೌನದಲ್ಲಿ. ಮೃದಂಗದವರು ಪಲ್ಲವಿಗೆ ಜಾಗ ಬಿಡುವ ಹಾಗೆ.

2005ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿಯ ದೊಡ್ಡ ಕಛೇರಿ ಮುಗಿಯುತ್ತಿದ್ದಂತೆ ತಂಡದವರು ತಾರ್ಯಾಗೆ ಬಹಿರಂಗ ಪತ್ರ ಬರೆದು ಹೊರಗೆ ಕಳಿಸಿದರು. ಆ ಜಗಳದ ಪಂಚಾಯ್ತಿ ನನಗೆ ಬೇಡ. ಮುಂದೆ ಬಂದವರು ಬೇರೆ ಬೇರೆ ಕಂಠದವರು, ಈಗಿರುವುದು ಹಾಲೆಂಡಿನ ಫ್ಲೋರ್ ಯಾನ್ಸೆನ್. ಒಂದೇ ಹಾಡಿನಲ್ಲಿ ಆಪೆರಾದಿಂದ ನೇರ ಗಟ್ಟಿದನಿಗೆ ದಾಟುತ್ತಾಳೆ. ಅವಳು 2013ರಲ್ಲಿ ಜರ್ಮನಿಯ ವಾಕೆನ್ ಮೇಳದಲ್ಲಿ ಹಾಡಿದ್ದನ್ನು ಮಗಳು ಎಷ್ಟು ಸಲ ತೋರಿಸಿದ್ದಾಳೋ ಲೆಕ್ಕವಿಲ್ಲ.

ಫಿನ್ಲೆಂಡಿನದೇ ಇನ್ನೊಂದು ತಂಡ ಅಪೋಕಲಿಪ್ಟಿಕಾ ಇನ್ನೂ ಸರಳ ದಾರಿ ಹಿಡಿಯಿತು: ಗಿಟಾರನ್ನೇ ತೆಗೆದುಹಾಕಿತು. ಹೆಲ್ಸಿಂಕಿಯ ಸಿಬೇಲಿಯಸ್ ಅಕಾಡೆಮಿಯಲ್ಲಿ ಕಲಿಯುತ್ತಿದ್ದ ಹುಡುಗರು 1996ರಲ್ಲಿ ನಾಲ್ಕು ಚೆಲ್ಲೋಗಳಲ್ಲೇ ಮೆಟಾಲಿಕಾ ಹಾಡುಗಳ ಆಲ್ಬಂ ತಂದರು. ಚೆಲ್ಲೋ ಎಂದರೆ ಮಂಡಿಯ ನಡುವೆ ನಿಲ್ಲಿಸಿ ನುಡಿಸುವ ಅಜ್ಜ ಪಿಟೀಲು. ಅದರ ಅತಿ ಮಂದ್ರ ತಂತಿ ಗಿಟಾರಿಗಿಂತಲೂ ಕೆಳಗಿಳಿಯುತ್ತದೆ, ಮೇಲೆ ಗಂಡಸಿನ ದನಿಯಂತೆ ಹಾಡುತ್ತದೆ. ಕಮಾನನ್ನು ಒತ್ತಿ ಉಜ್ಜಿದರೆ ಗರಗರವೂ ಸಿಗುತ್ತದೆ.

ಇದಕ್ಕೆ ತದ್ವಿರುದ್ಧ ಸ್ವೀಡನ್ನಿನ ಥೀರಿಯನ್. ಕ್ರಿಸ್ಟೊಫರ್ ಯೋನ್ಸನ್‌ನ ಈ ತಂಡ ಶುರುವಾದದ್ದು ಗಂಟಲಲ್ಲಿ ಗುರುಗುಟ್ಟುವ ಡೆತ್ ಮೆಟಲ್ ಆಗಿ. 1996ರ 'ಥೆಲಿ' ಆಲ್ಬಂ ಹೊತ್ತಿಗೆ ಇಡೀ ಗಾಯಕವೃಂದವೇ ಮುಂದೆ ಬಂತು. ಒಬ್ಬನ ಕಂಠ ಗೋಡೆಯಲ್ಲಿ ಕಿಟಕಿ ಹುಡುಕಬೇಕು, ಮೂವತ್ತು ಜನರ ಕೂಟ ತಾನೇ ಇನ್ನೊಂದು ಗೋಡೆ. ಗೋಡೆಗೆ ಗೋಡೆ ಒರಗಿಸಿದ ಆ ಕಟ್ಟಡ ಭವ್ಯ, ಒಳಗೆ ಗಾಳಿ ಕಡಿಮೆ. ಹಾಲೆಂಡಿನ ಎಪಿಕಾ 2008ರ ಜೂನ್‌ನಲ್ಲಿ ಹಂಗೇರಿಯ ಮಿಶ್ಕೊಲ್ಟ್ಸ್ ಊರಿನ ಆಪೆರಾ ಉತ್ಸವದಲ್ಲೇ ನುಡಿಸಿತು. ವೆರ್ಡಿ, ವಿವಾಲ್ಡಿಗಳ ತುಣುಕುಗಳನ್ನು ವಾದ್ಯವೃಂದದ ಜೊತೆ ಮೆಟಲ್ ಮಾಡಿ, ಆಮೇಲೆ ತಮ್ಮ ಹಾಡು. ವಿವಾಲ್ಡಿಯ ಬೇಸಿಗೆಯ ಬಿರುಗಾಳಿ ಗಿಟಾರಿಗೆ ಎಷ್ಟು ಸಲೀಸಾಗಿ ಕೂತಿತೆಂದರೆ, ಇನ್ನೂರೈವತ್ತು ಚಿಲ್ಲರೆ ವರ್ಷ ಆ ಸ್ವರಗಳು ಆಂಪ್ಲಿಗಾಗಿ ಕಾಯುತ್ತಿದ್ದವೇನೋ ಅನ್ನಿಸಿತು. ಎಪಿಕಾದಲ್ಲಿ ಸಿಮೋನ್ ಸಿಮನ್ಸ್‌ಳ ನಯವಾದ ಕಂಠದ ಎದುರು ಒಬ್ಬ ಗಂಡಸು ಗುಟುರು ಹಾಕುತ್ತಾನೆ. ಮೊದಲು ನನಗದು ವಿಕಾರವಾಗಿ ಕಂಡಿತು. ಕರಾವಳಿಯವಳಾದ ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆ ಹಿಂದೆ ಅಬ್ಬರಿಸೋದಿಲ್ವಾ, ಹಾಗೇ. ಆಮೇಲೆ ಸ್ತ್ರೀವೇಷ ಬಂದ್ರೆ ಕಣ್ಣಿಗೆ ತಂಪು," ಎಂದಳು. ಆ ಗುಟುರಿನಲ್ಲಿ ನಿಜವಾದ ಸ್ವರತಂತಿಗಳ ಮೇಲಿರುವ ಮಡಿಕೆಗಳೂ ಅದುರುತ್ತವಂತೆ. ನಮ್ಮ ರಕ್ಕಸರ ಗಂಟಲನ್ನು ಯಾರಾದರೂ ಹಾಗೆ ಪರೀಕ್ಷಿಸಿದ್ದರೆ ಚೆನ್ನಾಗಿತ್ತು.

ಈ ದಾರಿಯಲ್ಲಿ ಕೆಟ್ಟದ್ದೂ ಬೇಕಾದಷ್ಟಿದೆ. ಈಗ ಕಂಪ್ಯೂಟರಿನಲ್ಲಿ ಎಂಬತ್ತು ಪಿಟೀಲುಗಳನ್ನು ಒಂದೇ ಬೆರಳಲ್ಲಿ ನುಡಿಸಬಹುದು. ಹಾಗಾಗಿ ಕಂಡಕಂಡ ತಂಡವೆಲ್ಲ ಹಿನ್ನೆಲೆಗೆ ಆ ಪ್ಲಾಸ್ಟಿಕ್ ವಾದ್ಯವೃಂದ ಬಳಿಯುತ್ತದೆ, ಮದುವೆ ಮಂಟಪಕ್ಕೆ ಥರ್ಮಾಕೋಲಿನ ಕಂಬ ನಿಲ್ಲಿಸಿದ ಹಾಗೆ. ದೂರಕ್ಕೆ ಹೊಯ್ಸಳ, ಹತ್ತಿರಕ್ಕೆ ಹೋದರೆ ಪುಡಿ.

ಪಿಟೀಲು ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ಗೆಳೆಯರನ್ನು ಕಟ್ಟಿಕೊಂಡು ಮತ್ತೆ ಬಂದ. "ಅಂಕಲ್, ಒಂದು ಪ್ರೋಗ್ರಾಂ ಇದೆ. ನಿಮ್ಮ ಗೋಡೌನ್‌ನಲ್ಲಿ ಒಂದು ಸಲ ರಿಹರ್ಸಲ್ ಮಾಡ್ಕೋಬಹುದಾ?" ಹಳೆಯ ಸಾಲ ತೀರಿಸಲು ಇದಕ್ಕಿಂತ ಅವಕಾಶ ಸಿಗುತ್ತದೆಯೇ?

ಈ ಸಲ ಮಿಕ್ಸರ್ ಮುಟ್ಟುವ ಮೊದಲು ಹುಡುಗರ ಹತ್ತಿರ ಮಾತಾಡಿದೆ. ಎರಡನೇ ಗಿಟಾರಿನವನಿಗೆ, ಪಿಟೀಲು ಬಂದಾಗ ಕೈ ಅದುಮು, ಸ-ಪ ಬಿಟ್ಟು ಬೇರೇನೂ ಬೇಡ ಎಂದೆ. ಮುಖ ಸಣ್ಣದು ಮಾಡಿಕೊಂಡ. ಅವನ ಆಂಪ್ಲಿಯಲ್ಲಿ ನಡುವಿನ ಗುಬುಟು ಅರ್ಧಕ್ಕೆ ಇಳಿಸಿದೆ. ಪಿಟೀಲಿನವನಿಗೆ, ಅದೇ ಸಾಲನ್ನು ಒಂದು ಸ್ಥಾಯಿ ಮೇಲೆ ನುಡಿಸು ಎಂದೆ. ಮೈಕ್ ಬಿಟ್ಟು ಕುದುರೆಯ ಬಳಿ ಅಂಟಿಸುವ ಪಿಕಪ್ ಹಾಕಿದೆ, ಡ್ರಮ್ಸಿನ ಸದ್ದು ಅದರೊಳಗೆ ನುಗ್ಗದಿರಲಿ ಎಂದು. ಎರಡೂ ಗಿಟಾರುಗಳನ್ನು ಎಡಕ್ಕೂ ಬಲಕ್ಕೂ ಸರಿಸಿ, ಮಿಕ್ಸರಿನಲ್ಲಿ 3,000 ಹರ್ಟ್ಸ್ ಹತ್ತಿರ ಅವಕ್ಕೆ ಒಂದು ಸಣ್ಣ ಹಳ್ಳ ತೋಡಿದೆ. ಫೇಡರ್? 2017ರಲ್ಲಿ ಇದ್ದದ್ದಕ್ಕಿಂತ ಕೆಳಗೇ ಇತ್ತು.

ಹುಡುಗ ಕೀರವಾಣಿ ಎತ್ತಿಕೊಂಡ. ಕೆಳಗೆ ಗಿಟಾರುಗಳು ಗರಗರ ಅದುರುತ್ತ ನಿಂತವು, ಮೇಲೆ ಪಿಟೀಲು ಒಂದೊಂದು ಗಮಕವೂ ಕಾಣುವಷ್ಟು ಬಿಡಿಬಿಡಿಯಾಗಿ ಬಂತು. ಇಪ್ಪತ್ತು ವರ್ಷದಿಂದ ನನ್ನ ಜೊತೆ ಕೇಬಲ್ ಎಳೆಯುವವನು ಟೀ ತರಲು ಹೋಗಿದ್ದ. ಓಡೋಡಿ ಬಂದು ನನ್ನ ಭುಜ ಹಿಡಿದು ಅಲುಗಿಸಿದ.

"ಅಣ್ಣಾ, ಆಫ್ ಮಾಡಿ, ಆಫ್ ಮಾಡಿ! ಪಿಟೀಲು ಚೆನ್ನಾಗಿ ಬರ್ತಿದೆ, ಎರಡೂ ಬಾಕ್ಸ್ ಹರಿದೋಗಿದೆ!"